ಪರದೆ ಮೇಲಿನ ಕುರಿ ಮತ್ತೆ ಬರುತ್ತಾ?

ಪ್ರಶ್ನೆ: ಇಪ್ಪತ್ತು ವರ್ಷದ ಹಿಂದೆ ನಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ಒಂದು ಬಿಳಿ ಕುರಿ ಓಡಾಡುತ್ತಿತ್ತು. ಆ ಫೈಲನ್ನು ಸಿಡಿಯಲ್ಲಿ ಜೋಪಾನವಾಗಿ ಇಟ್ಟಿದ್ದೆ. ಮಗಳಿಗೆ ತೋರಿಸೋಣ ಅಂತ ಹೊಸ ಲ್ಯಾಪ್‌ಟಾಪಿಗೆ ಹಾಕಿದರೆ ತೆರೆಯುತ್ತಲೇ ಇಲ್ಲ. ಫೈಲ್ ಕೆಟ್ಟಿದೆಯಾ ಸರ್?
– ಓದುಗರು, ದಾವಣಗೆರೆ

ಉತ್ತರ: ಫೈಲ್ ಕೆಟ್ಟಿರಲಿಕ್ಕಿಲ್ಲ. ಸಿಡಿಯಲ್ಲಿ ಅದರ ಹೆಸರು ಎಸ್‌ಸಿಎಂಪೂ (scmpoo) ಅಂತ ಇದೆಯಾ ನೋಡಿ. ಇದ್ದರೆ ಅದು ಜಪಾನಿನ ಕುರಿ, ಹೆಸರು ಪೋ. 90ರ ದಶಕದಲ್ಲಿ ಅಲ್ಲಿನ ಫುಜಿ ಟಿವಿಯಲ್ಲಿ ಬರುತ್ತಿದ್ದ ಪುಟ್ಟ ಆನಿಮೇಷನ್‌ನ ಪಾತ್ರ. ಬರೆದವರು ತಾತ್ಸುತೋಶಿ ನೊಮುರಾ. ಕೆಲಸ ಮಾಡುವಾಗ ವಿಂಡೋದ ಮೇಲಂಚಲ್ಲಿ ಸುಮ್ನೆ ನಡೆದುಕೊಂಡು ಹೋಗುತ್ತಿತ್ತು, ಅಲ್ಲೇ ನಿದ್ದೆ ಹೊಡೆಯುತ್ತಿತ್ತು, ನಾವು ಆ ವಿಂಡೋ ಮುಚ್ಚಿದರೆ ದೊಪ್ಪಂತ ಬೀಳುತ್ತಿತ್ತು, ಒಮ್ಮೊಮ್ಮೆ ಬೆಂಕಿ ಹತ್ತಿಕೊಂಡು ಆಕಾಶದಿಂದ ಬಂದು ನೇರ ಸ್ನಾನದ ತೊಟ್ಟಿಗೇ ಬೀಳುತ್ತಿತ್ತು! ಅಷ್ಟು ಚಿಕ್ಕ ಫೈಲಿನಲ್ಲಿ ಅಷ್ಟೊಂದು ಜೀವ ತುಂಬಿದ್ದರು. ನನಗೆ ಈಗಲೂ ಅದರ ಮೇಲೆ ಪ್ರೀತಿ ಜಾಸ್ತಿ.

ತೆರೆಯದಿರುವ ಕಾರಣ ಬೇರೆ. ಅದು 16 ಬಿಟ್ ಪ್ರೋಗ್ರಾಂ, ಅಂದರೆ ತುಂಬ ಹಳೇ ಕಾಲದ ವಿಂಡೋಸ್‌ಗೆ ಅಂತ ಬರೆದದ್ದು. ಅಂಥವನ್ನು ಓಡಿಸುವ ಭಾಗವೇ ಈಗಿನ 64 ಬಿಟ್ ವಿಂಡೋಸ್‌ನಲ್ಲಿ ಇಲ್ಲ, ಮತ್ತು ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ಯಾವ ಸೆಟ್ಟಿಂಗ್ ಬದಲಿಸಿದರೂ ಪ್ರಯೋಜನವಿಲ್ಲ.

ಖುಷಿಯ ವಿಷಯ ಅಂದರೆ, ಈ ಕುರಿಯನ್ನು ಮರೆಯದ ಅಭಿಮಾನಿಗಳು ಅದನ್ನು ಹೊಸದಾಗಿ ಬರೆದಿದ್ದಾರೆ. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಇ-ಶೀಪ್ (eSheep) ಅಂತ ಹುಡುಕಿ. ಅದರ ಕೋಡ್, ಪ್ರೋಗ್ರಾಂ ಬರೆಯುವವರು ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ಎಂಬ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿದೆ. ಯಾವ ಹೆಜ್ಜೆ ಆದಮೇಲೆ ಯಾವ ಚಿತ್ರ ಅನ್ನುವುದೆಲ್ಲ ಒಂದು ಎಕ್ಸ್‌ಎಂಎಲ್ ಫೈಲಿನಲ್ಲಿ, ಅಂದರೆ ನಾವೇ ತೆರೆದು ತಿದ್ದಬಹುದಾದ ಪಠ್ಯದ ಫೈಲಿನಲ್ಲಿ, ಇರುತ್ತದೆ, ಹಾಗಾಗಿ ಮಗಳಿಗೆ ಚಿತ್ರ ಬರೆಯುವ ಆಸೆ ಇದ್ದರೆ ಕುರಿಯ ಬದಲು ಬೆಕ್ಕನ್ನೂ ನಡೆಸಬಹುದು. ಕಂಡಕಂಡ ಕಡೆಯಿಂದ ಹಳೇ ಫೈಲ್ ಇಳಿಸಿಕೊಳ್ಳಬೇಡಿ, ಕುರಿಯ ಹೆಸರಲ್ಲಿ ವೈರಸ್ಸೂ ಬರಬಹುದು.

ಇನ್ನೊಂದು ಮಾತು. ವಿಂಡೋವನ್ನು ಪರದೆ ತುಂಬ ಹಿಗ್ಗಿಸಿದರೆ ಕುರಿಗೆ ಹತ್ತಲು ಅಂಚೇ ಸಿಗುವುದಿಲ್ಲ, ಕೆಳಗಿನ ಟಾಸ್ಕ್‌ಬಾರ್ ಮೇಲಷ್ಟೇ ಓಡಾಡುತ್ತದೆ. ಎರಡು ಮೂರು ವಿಂಡೋ ಚಿಕ್ಕದಾಗಿ ತೆರೆದಿಡಿ. ಅದು ಒಂದರ ಮೇಲೆ ಬಂದು ಕೂತಾಗ, ಮಗಳನ್ನು ಪಕ್ಕಕ್ಕೆ ಕರೆದು, ಆ ವಿಂಡೋ ಮುಚ್ಚಿಬಿಡಿ.