ಸ್ಕಾಟ್ಲೆಂಡಿನ "ರಾಸಿಲ್, ಫಾರ್" ಎಂಬ ಊರು ಎಲ್ಲಿದೆ? ನನ್ನ ಗಂಡನ ಮನೆಯ ಹಳೆ ಬೈಬಲ್ಲಿನಲ್ಲಿ 1809ರಲ್ಲಿ ಹುಟ್ಟಿದ ಹಿರಿಯರೊಬ್ಬರ ಊರು ಎಂದು ಬರೆದಿದೆ. ಮನೆತನದ ಹೆಸರು ಮೆಕೈ. ನಕ್ಷೆಯಲ್ಲಿ ಸಿಗುತ್ತಿಲ್ಲ.

ಸಿಗದಿರುವುದು ನಿಮ್ಮ ತಪ್ಪಲ್ಲ. ಅದು ರೋಸಲ್ ಎಂದೇ ನನ್ನ ನಂಬಿಕೆ, ಮತ್ತು ಆ ಊರು ಹಾಳುಬಿದ್ದು ಇನ್ನೂರು ವರ್ಷ ದಾಟಿದೆ.

ನನ್ನ ಗಂಡನ ಕಡೆಯವರೂ ಆ ಸೀಮೆಯವರೇ. ನಾನೂ ಮೊದಲು ಊರಿನ ಹೆಸರಿನ ಸ್ಪೆಲ್ಲಿಂಗ್ ಹಿಡಿದು ತಿಂಗಳುಗಟ್ಟಲೆ ಅಲೆದೆ. ಹಿಡಿಯಬೇಕಾದದ್ದು ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಊರುಗಳ ಸೀಮೆ), ಅಂದರೆ ನಿಮ್ಮಲ್ಲಿರುವ "ಫಾರ್". ಇನ್ವರ್ನೆಸ್ ಹತ್ತಿರವೂ ಒಂದು ಫಾರ್ ಇದೆ, ಆದರೆ ಮೆಕೈಗಳ ಸೀಮೆ ಉತ್ತರ ತುದಿಯ ಸದರ್ಲೆಂಡ್. ಅಲ್ಲಿ ಫಾರ್ ಪ್ಯಾರಿಷ್ಷಿನೊಳಗೆ ಸ್ಟ್ರಾತ್‌ನೇವರ್ ಎಂಬ ಹೊಳೆಕಣಿವೆ, ಆ ಕಣಿವೆಯಲ್ಲಿ ರೋಸಲ್. ಊರವರು ಆಡುತ್ತಿದ್ದದ್ದು ಗೇಲಿಕ್, ಹೆಸರು ಅದಕ್ಕೂ ಹಳೆಯ ನಾರ್ಸ್ ಭಾಷೆಯದು (ಕುದುರೆ ಬಯಲು ಎಂದರ್ಥ), ಬರೆದುಕೊಂಡವರು ಇಂಗ್ಲಿಷಿನವರು. ಕಿವಿಗೆ ಬಿದ್ದಂತೆ ಬರೆದರು. ಹಾಗಾಗಿ ಹೆಸರನ್ನು ಬಾಯಿಬಿಟ್ಟು ಓದಿ, ಅಕ್ಷರ ನೋಡಬೇಡಿ.

1814ರಿಂದ 1818ರೊಳಗೆ ಕುರಿ ಸಾಕಣೆಗೆ ಜಾಗ ಬೇಕೆಂದು ರೋಸಲ್ಲಿನವರನ್ನು ಒಕ್ಕಲೆಬ್ಬಿಸಿದರು. ನಿಮ್ಮ ಹಿರಿಯರು ಆಗ ಚಿಕ್ಕ ಹುಡುಗ.

ಹಳೆ ನಕ್ಷೆಗಳೆಲ್ಲ ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಒಕ್ಕಲೆಬ್ಬಿಸುವ ಮುಂಚಿನ ಕಣಿವೆ ನೋಡಬೇಕೆಂದರೆ 1747ರಿಂದ 1755ರ ನಡುವೆ ವಿಲಿಯಂ ರಾಯ್ ಮಾಡಿಸಿದ ಸೈನ್ಯದ ನಕ್ಷೆ ತೆಗೆಯಿರಿ. ಆಮೇಲೆ 1870ರ ದಶಕದ ಆರ್ಡ್‌ನನ್ಸ್ ಸರ್ವೇ (ಬ್ರಿಟನ್ನಿನ ಸರ್ಕಾರಿ ಭೂಮಾಪನ ಇಲಾಖೆ) ನಕ್ಷೆಯನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಹಾಸಿ, ಮೇಲಿನದನ್ನು ಮೆಲ್ಲಗೆ ಮಸುಕು ಮಾಡುತ್ತ ಹೋಗಿ. ಸರ್ವೇಯವರ "ನೇಮ್ ಬುಕ್" ಕೂಡ ಅಂತರ್ಜಾಲದಲ್ಲಿ ಸಿಗುತ್ತದೆ. ಒಂದೊಂದು ಹೆಸರಿಗೂ ಯಾವ ಯಾವ ಸ್ಪೆಲ್ಲಿಂಗ್ ಇತ್ತು, ಯಾರನ್ನು ಕೇಳಿ ಬರೆದುಕೊಂಡರು ಎಂದು ಕೈಬರಹದಲ್ಲೇ ಓದಬಹುದು. ನನಗಂತೂ ಇದರಷ್ಟು ಪ್ರೀತಿಯ ದಾಖಲೆ ಬೇರೆ ಇಲ್ಲ.

ನಾವು ಅಲ್ಲಿಗೆ ಹೋಗಿದ್ದೆವು. ಸೈರ್ ಎಂಬಲ್ಲಿಂದ ಸ್ವಲ್ಪ ದೂರ, ನೆಟ್ಟ ಕಾಡಿನ ನಡುವೆ ಬಯಲು. ಮೊಣಕಾಲೆತ್ತರದ ಕಲ್ಲುಗೋಡೆ, ಒಳಗೆಲ್ಲ ಹುಲ್ಲು. ಒಂದೇ ಉದ್ದನೆಯ ಮನೆ: ಒಂದು ತುದಿಗೆ ಜನ, ಇನ್ನೊಂದು ತುದಿಗೆ ದನ. ಬಾಗಿಲಿದ್ದ ಜಾಗದಲ್ಲಿ ನಿಂತು ನನ್ನವರು ಬಹಳ ಹೊತ್ತು ಮಾತಾಡಲಿಲ್ಲ.

ಇನ್ನು ನಿಮ್ಮ ಹಿರಿಯರ ವಿಷಯ. ಕಣಿವೆಯಿಂದ ಹೊರಟ ಬಹಳ ಮಂದಿಗೆ ಬೆಟ್ಟಿಹಿಲ್, ಸ್ಟ್ರಾತಿ ಕಡೆಯ ಕಡಲದಂಡೆಯಲ್ಲಿ ತುಂಡು ಜಮೀನು ಕೊಟ್ಟರು. 1841ರ ಜನಗಣತಿಯಲ್ಲಿ ಹುಟ್ಟಿದ ಪ್ಯಾರಿಷ್ ಇರುವುದಿಲ್ಲ, 1851ರದ್ದರಲ್ಲಿ ಇರುತ್ತದೆ. ಸ್ಕಾಟ್ಲೆಂಡ್ಸ್‌ಪೀಪಲ್ ಎಂಬ ಸರ್ಕಾರಿ ವಂಶದಾಖಲೆಗಳ ತಾಣದಲ್ಲಿ ಸುಮಾರು 42 ವಯಸ್ಸಿನ, ಫಾರ್‌ನಲ್ಲಿ ಹುಟ್ಟಿದ ಮೆಕೈಗಳನ್ನು ಹುಡುಕಿ. ಆ ಸೀಮೆ ತುಂಬ ಮೆಕೈಗಳೇ, ಹೆಸರೊಂದನ್ನೇ ನಂಬಬೇಡಿ. ಸರ್ಕಾರಿ ನೋಂದಣಿ ಶುರುವಾದದ್ದು 1855ರಲ್ಲಿ. ಅವರು ತೀರಿಕೊಂಡದ್ದು ಸ್ಕಾಟ್ಲೆಂಡಿನಲ್ಲೇ, ಅದೂ ಆಮೇಲೆ ಆಗಿದ್ದರೆ, ಮರಣಪತ್ರದಲ್ಲಿ ಅಪ್ಪನ ಹೆಸರಿನ ಜೊತೆಗೆ ತಾಯಿಯ ತವರಿನ ಮನೆತನವೂ ಇರುತ್ತದೆ. ಅದು ಸಿಕ್ಕರೆ ಇಲ್ಲೇ ಬರೆಯಿರಿ, ಫಾರ್‌ನ ಹಳೆ ಚರ್ಚ್ ದಾಖಲೆಯಲ್ಲಿ ಮುಂದಿನದನ್ನು ಇಬ್ಬರೂ ಕೂತು ನೋಡೋಣ.