ಗಡಿಪಾರಾದ ಕವಿಗೆ ಕಳ್ಕೊಂಡ ಊರಿನ ಮೇಲಿನ ಪ್ರೀತಿ ಕಾಲ ಕಳೆದಂಗೆ ಕಡಿಮೆ ಆಗಲ್ವಾ?

ಆಗಲ್ಲ, ರೋಮಿನ ಕವಿ ಓವಿಡ್‌ನ ಓದಿ ನೋಡಿ. ಕ್ರಿ.ಶ. 8ರಲ್ಲಿ ಚಕ್ರವರ್ತಿ ಆಗಸ್ಟಸ್ ಅವನನ್ನ ಕಪ್ಪು ಸಮುದ್ರದ ದಡದ ಟೋಮಿಸ್‌ಗೆ, ಅಂದ್ರೆ ಈಗಿನ ರೊಮೇನಿಯಾಗೆ ಗಡಿಪಾರು ಮಾಡ್ದ, ಆ ಸಂಕಟದಲ್ಲಿ ಬರೆದ 'ಟ್ರಿಸ್ಟಿಯಾ'ದ ಮೊದಲನೇ ಭಾಗದ ಮೂರನೇ ಕವಿತೆಲಿ ಊರು ಬಿಡೋ ಕೊನೇ ರಾತ್ರಿ ಇದೆ, ಮೇಲೆ ಚಂದ್ರ, ಅಳ್ತಾ ತಬ್ಕೊಂಡಿರೋ ಹೆಂಡತಿ, ಇವನು ಮೂರು ಸಲ ಹೊಸ್ತಿಲು ಮುಟ್ಟಿ ಮೂರು ಸಲನೂ ವಾಪಸ್ ಬರ್ತಾನೆ, ಕಾಲೇ ಏಳಲ್ಲ. ಆ ಹೊಸ್ತಿಲ ಸಾಲಿಗೆ ಬಂದಾಗೆಲ್ಲ ನಂಗೆ ಗಂಟಲು ಕಟ್ಟತ್ತೆ. ಟೋಮಿಸ್‌ ಚಳಿಗೆ ವೈನ್ ಹೆಪ್ಪುಗಟ್ಟಿ ಜಾಡಿ ಆಕಾರದಲ್ಲೇ ನಿಲ್ತಿತ್ತು ಅಂತ ಬರೀತಾನೆ, ಅಲ್ಲಿನ ಜನರ ಭಾಷೆನೂ ಕಲ್ತೆ ಅಂತಾನೆ, ಆದ್ರೂ ಮನಸ್ಸೆಲ್ಲ ರೋಮಲ್ಲೇ. ವಾಪಸ್ ಹೋಗಕ್ಕೆ ಕೊನೆವರೆಗೂ ಬಿಡ್ಲೇ ಇಲ್ಲ.