ಗೊಂಬೆ ಕೇಕಿನ ಲಂಗ ಉಬ್ಬಿದ್ದೇಕೆ?

ಪ್ರಶ್ನೆ: ಮಗಳ ಹುಟ್ಟುಹಬ್ಬಕ್ಕೆ ಗೊಂಬೆ ಕೇಕ್ ಮಾಡಿದ್ದೆ. ಎಂಟು ಇಂಚಿನ ನಾಲ್ಕು ಪದರ, ನಡುವೆ ವಿಪ್ಪಿಂಗ್ ಕ್ರೀಮ್, ಹಸಿ ಅನಾನಸ್ ಚೂರು. ಎಲ್ಲಕ್ಕೂ ಅಂಚಿನವರೆಗೆ ಹಚ್ಚಿ, ಆಮೇಲೆ ಲಂಗದ ಆಕಾರಕ್ಕೆ ಕೆತ್ತಿದೆ. ಫಾಂಡಂಟ್ (ಸಕ್ಕರೆ ಕಣಕದ ಹಾಳೆ) ಹೊದಿಸಿ ಎರಡು ಗಂಟೆಯೊಳಗೆ ನಡು ಉಬ್ಬಿ ರಸ ಸೋರಿತು. ಎಲ್ಲಿ ತಪ್ಪಿದೆ?
– ಓದುಗರು, ಕಲಬುರಗಿ

ಉತ್ತರ: ಅಂಚಿನವರೆಗೆ ಹಚ್ಚಿ ಆಮೇಲೆ ಕೆತ್ತಿದ್ದರಲ್ಲೇ ತಪ್ಪಿದೆ. ಮೆತ್ತನೆಯ ಹೂರಣವನ್ನು ಹಿಡಿದಿಡಲು ಸುತ್ತ ಗಟ್ಟಿ ಬದು ಬೇಕು. ಅದನ್ನೂ ಅಂಚಿಗೆ ಕಟ್ಟಿದರೆ ಉಪಯೋಗವಿಲ್ಲ, ಚಾಕು ಮೊದಲು ತೆಗೆಯುವುದೇ ಅದನ್ನು.

ಕೆತ್ತಿದ ಮೇಲೆ ಉಳಿಯುವ ಅಗಲವನ್ನು ಮೊದಲೇ ಗುರುತಿಸಿಕೊಳ್ಳಿ. ನಿಮ್ಮ ಕೇಕಿಗೆ ಕೆಳಗಿನಿಂದ ಮೇಲಕ್ಕೆ ಏಳೂವರೆ, ಆರೂವರೆ, ಐದು ಇಂಚು ಸಾಕು. ಹೂರಣ ಬರುವ ಕೆಳಗಿನ ಮೂರು ಪದರಗಳ ಮೇಲೆ ಟೂತ್‌ಪಿಕ್‌ನಿಂದ ಆ ಅಳತೆಯ ವೃತ್ತ ಗೀರಿ. ಗೆರೆಯ ಮೇಲೆಯೇ ಒಂದೂವರೆ ಸೆಂ.ಮೀ. ಅಗಲದ ಗನಾಶ್ (ಬಿಸಿ ಕ್ರೀಮಿನಲ್ಲಿ ಕರಗಿಸಿದ ಚಾಕೊಲೇಟ್) ಬದು ಕಟ್ಟಿ. ಕೆತ್ತುವಾಗ ಅರ್ಧ ಹೋದರೂ ಅರ್ಧ ಉಳಿಯುತ್ತದೆ. ಹೂರಣ ಅರ್ಧ ಸೆಂ.ಮೀ. ಮೀರದಿರಲಿ, ಬದುವಿಗಿಂತ ಕೂದಲೆಳೆಯಷ್ಟು ತಗ್ಗಿರಲಿ.

ಗನಾಶ್‌ಗೆ 300 ಗ್ರಾಂ ಡಾರ್ಕ್ ಚಾಕೊಲೇಟ್, 150 ಗ್ರಾಂ ಕ್ರೀಮ್. ನಿಮ್ಮೂರಿನ ಏಪ್ರಿಲ್ ಬಿಸಿಲಿಗೆ ಕ್ರೀಮನ್ನು 120ಕ್ಕೆ ಇಳಿಸಿ. ಕ್ರೀಮ್ ಅಂಚಿನಲ್ಲಿ ಗುಳ್ಳೆಯೆದ್ದ ಕೂಡಲೇ ಚಾಕೊಲೇಟ್ ಮೇಲೆ ಸುರಿದು, ಮೂರು ನಿಮಿಷ ಬಿಟ್ಟು ನಡುವಿನಿಂದ ಕಲಕಿ. ಉದ್ದಿನವಡೆ ಹಿಟ್ಟಿನ ಹದಕ್ಕೆ ಬಂದಾಗ ಪೈಪಿಂಗ್ ಬ್ಯಾಗಿಗೆ ತುಂಬಿ.

ಇನ್ನು ಅನಾನಸ್. ಕ್ರೀಮಿನ ಸಕ್ಕರೆ ಹಸಿ ಹಣ್ಣಿನ ನೀರನ್ನೆಲ್ಲ ಎಳೆದು ಹಾಕುತ್ತದೆ. ಹಸಿ ಅನಾನಸ್‌ನ ಕಿಣ್ವ ಹಾಲಿನ ಕ್ರೀಮನ್ನು ಕಹಿಯೂ ಮಾಡುತ್ತದೆ. 250 ಗ್ರಾಂ ಸಣ್ಣ ಚೂರಿಗೆ 50 ಗ್ರಾಂ ಸಕ್ಕರೆ ಹಾಕಿ ಕುದಿಸಿ, ಎರಡು ಚಮಚ ಕಾರ್ನ್‌ಫ್ಲೋರನ್ನು ನೀರಲ್ಲಿ ಕದಡಿ ಸೇರಿಸಿ. ಸೌಟು ಎಳೆದ ಗೆರೆ ಕೂಡಿಕೊಳ್ಳದಷ್ಟು ಗಟ್ಟಿಯಾದಾಗ ಇಳಿಸಿ, ಪೂರ್ತಿ ಆರಿದ ಮೇಲೆ ಬಳಸಿ.

ಪೇರಿಸಿದ ಮೇಲೆ ಹಗುರಾದ ತಟ್ಟೆಯೊಂದನ್ನು ಮೇಲಿಟ್ಟು ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಕೇಕು ಕುಸಿಯುವುದಿದ್ದರೆ ಆಗಲೇ ಕುಸಿಯಲಿ. ಫಾಂಡಂಟ್ ಒಳಗೆ ಕುಸಿದರೆ ಗಾಳಿ, ಹೂರಣ ಎರಡೂ ಹೊರಕ್ಕೆ ನುಗ್ಗಿ ಹೊಟ್ಟೆ ಬರುತ್ತದೆ. ಬೆಳಿಗ್ಗೆ ಹಲ್ಲಿನ ಚಾಕುವಿನಲ್ಲಿ ತೆಳ್ಳಗೆ ಹೆರೆಯುತ್ತಾ ಕೆತ್ತಿ, ಗನಾಶ್ ಬಳಿದು, ಅರ್ಧ ಗಂಟೆ ತಣ್ಣಗಿಟ್ಟು ಫಾಂಡಂಟ್ ಹೊದಿಸಿ.

ಪ್ರಶ್ನೆ: ಕೇಕಿಗೆ ಚುಚ್ಚುವ ಕಡ್ಡಿಗೊಂಬೆ (ಸೊಂಟದ ಕೆಳಗೆ ಕಾಲಿನ ಬದಲು ಕಡ್ಡಿಯಿರುವುದು) ಸಿಗಲಿಲ್ಲ. ಕಾಲಿರುವ ಗೊಂಬೆಯನ್ನೇ ಇಳಿಸಬಹುದೇ?
– ಓದುಗರು, ಪುತ್ತೂರು

ಉತ್ತರ: ಆಗುತ್ತದೆ. ಆದರೆ ಹನ್ನೊಂದೂವರೆ ಇಂಚಿನ ಗೊಂಬೆಗೆ ಸುಮಾರು ಏಳು ಇಂಚು ಎತ್ತರದ ಲಂಗ ಬೇಕು. ಪ್ರತಿ ಪದರದ ನಟ್ಟನಡುವೆ ಎರಡು ಇಂಚಿನ ತೂತು ಮೊದಲೇ ಕತ್ತರಿಸಿ, ಆ ತೂತಿನ ಸುತ್ತಲೂ ಬದು ಕಟ್ಟಿ. ಇಲ್ಲದಿದ್ದರೆ ಹೂರಣ ಬಾವಿಗೆ ಇಳಿದಂತೆ ಒಳಗೆ ಇಳಿಯುತ್ತದೆ. ಗೊಂಬೆಯನ್ನು ಸೊಂಟದವರೆಗೆ ಕ್ಲಿಂಗ್ ಫಿಲ್ಮ್‌ನಲ್ಲಿ ಸುತ್ತಿ, ಜಡೆಯನ್ನು ಮೇಲೆತ್ತಿ ಕಟ್ಟಿ.

ಪ್ರಶ್ನೆ: ಮೊಟ್ಟೆ ಹಾಕದ ಕಾರ್ ಕೇಕ್ ಕೆತ್ತುವಾಗ ಪುಡಿಪುಡಿಯಾಗುತ್ತದೆ.
– ಓದುಗರು, ಶಿರಸಿ

ಉತ್ತರ: ಹಿಂದಿನ ದಿನವೇ ಬೇಯಿಸಿ ಸುತ್ತಿಡಿ. ತೆಳ್ಳಗೆ ಸೀಳದೆ ಎರಡೇ ದಪ್ಪ ಪದರ, ಒಂದೇ ಹೂರಣ ಸಾಕು. ಕೆತ್ತುವ ಮುನ್ನ 40 ನಿಮಿಷ ಫ್ರೀಜರ್‌ನಲ್ಲಿಡಿ. ಉದುರಿದ ಪುಡಿಗೆ ಸ್ವಲ್ಪ ಗನಾಶ್ ಕಲಸಿದರೆ ಚಕ್ರದ ಮೇಲಿನ ಕಮಾನು ತಿದ್ದಲು ಮಣ್ಣಿನಂತೆ ಬಳಕೆಗೆ ಬರುತ್ತದೆ.